ಮುಖ ನೋಡಿ ಬಳೆ ಏರಿಸುವವರು

ಅವರು ಮೊದಲು ಕೈ ನೋಡುತ್ತಿದ್ದರು, ಆಮೇಲೆ ಮುಖ. ಬೀದಿಯಲ್ಲಿ ಎದುರು ಸಿಕ್ಕರೂ ಹಾಗೇ. ನಾನು ಬೂತಿನಿಂದ ಹಾಲಿನ ಬಾಟಲಿ ಹಿಡಿದು ಬರುತ್ತಿದ್ದರೆ ಅವರ ಕಣ್ಣು ನನ್ನ ಬೆರಳ ಸಂದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಮಣಿಕಟ್ಟು ದಾಟಿ, ಮೊಣಕೈ ನೋಡಿ, ಕೊನೆಗೆ ಮುಖಕ್ಕೆ ಬರುತ್ತಿತ್ತು. “ಏನ್ ಮಗಾ, ಚೆನ್ನಾಗಿದೀಯಾ?” ಎಂದು ಕೇಳುವಷ್ಟರಲ್ಲಿ ನಾನು ಚೆನ್ನಾಗಿದ್ದೇನೋ ಇಲ್ಲವೋ ಅವರಿಗೆ ಗೊತ್ತಾಗಿ ಹೋಗಿರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ರಸ್ತೆಗೆ ಬಳೆ ತರುತ್ತಿದ್ದವರು ಅವರು. ಎಲ್ಲರೂ ಬಳೆಯಮ್ಮ ಎನ್ನುತ್ತಿದ್ದರು. ಬಿನ್ನಿಪೇಟೆಯಲ್ಲಿ ಮಿಲ್ಲಿನ ಹಿಂದಿನ ಸಾಲಿನಲ್ಲಿ ಮನೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಮಿಲ್ಲಿನ ಸೈರನ್ ಕೂಗಿದ ಮೇಲೆ ಹೊರಟು, ಮಾಗಡಿ ರೋಡು ದಾಟಿ, ಒಂದೊಂದೇ ಬೀದಿ ಮುಗಿಸಿಕೊಂಡು ನಮ್ಮ ಮನೆ ಮುಂದೆ ಬರುವಾಗ ಹತ್ತೂವರೆ. ಗಂಡಸರು ಆಫೀಸಿಗೋ ಫ್ಯಾಕ್ಟರಿಗೋ ಹೋಗಿ, ಹೆಂಗಸರ ಕೈ ಸ್ವಲ್ಪ ಬಿಡುವಾಗುವ ಹೊತ್ತು. ಹೆಗಲ ಮೇಲೆ ಹಗ್ಗಕ್ಕೆ ಪೋಣಿಸಿದ ಬಳೆಗಳ ಮಲಾರ, ಕಂಕುಳಲ್ಲಿ ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಒಂದು ಒದ್ದೆ ಬಟ್ಟೆ, ಒಂದು ಚೂರು ಸೋಪು, ಹತ್ತಿ, ಅರಿಶಿನದ ಪುಡಿ. ಮನೆಯಲ್ಲಿ ಅವರು ಆಡುತ್ತಿದ್ದುದು ತೆಲುಗು. ನಮ್ಮ ಜೊತೆ ಮಂಡ್ಯದವರ ಹಾಗೆ ಕನ್ನಡ. ಲೆಕ್ಕ ಮಾಡುವಾಗ ಮಾತ್ರ ತುಟಿಯೊಳಗೆ ತೆಲುಗು ಗೊಣಗುತ್ತಿದ್ದರು.

ಅವರ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಒಂದು ವಿಷಯ ಯಾರಿಗೂ ಹೇಳಬೇಡಿ ಎಂದು ಅವರು ನಮ್ಮಮ್ಮನಿಂದ ಮಾತು ತೆಗೆದುಕೊಂಡಿದ್ದರು. ಹೋದ ತಿಂಗಳು ಅವರ ಮಗಳು ಫೋನ್ ಮಾಡಿ, “ಅಮ್ಮ ಹೋಗ್ಬಿಟ್ರು ಅಕ್ಕಾ, ಮಲಗಿದ್ದ ಹಾಗೇ” ಎಂದಳು. ಇನ್ನು ಆ ವಿಷಯ ಹೇಳಿದರೆ ಅವರ ವ್ಯಾಪಾರಕ್ಕೆ ಏನೂ ಆಗಬೇಕಾದ್ದಿಲ್ಲ. ಆದರೂ ಹೆಸರೊಂದನ್ನು ಅವರ ಪಾಲಿಗೇ ಬಿಡುತ್ತೇನೆ.

ಅವರು ಬಳೆ ತೊಡಿಸುತ್ತಿದ್ದ ರೀತಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ನಮ್ಮನ್ನು ಕೂರಿಸಿ ತಾವು ಒಂದು ಮೆಟ್ಟಿಲು ಕೆಳಗೆ ಕೂರುತ್ತಿದ್ದರು. ಒದ್ದೆ ಬಟ್ಟೆಯಿಂದ ಕೈ ಒರೆಸಿ, ಗೆಣ್ಣುಗಳಿಗೆ ಸೋಪು ಸವರಿ, ಹೆಬ್ಬೆರಳನ್ನು ಅಂಗೈಗೆ ಮಡಚಿ, ಐದೂ ಬೆರಳನ್ನು ಸೇರಿಸಿ ಹಿಸುಕುತ್ತಿದ್ದರು. ಅಲ್ಲಿಂದ ಮುಂದೆ ಕೈ ನೋಡುತ್ತಿರಲಿಲ್ಲ. ನಮ್ಮ ಮುಖ ನೋಡುತ್ತ ಬಳೆ ಏರಿಸುತ್ತಿದ್ದರು. ಹುಬ್ಬು ಗಂಟಾದರೆ ನಿಲ್ಲಿಸುವುದು, ಸಡಿಲವಾದರೆ ಮುಂದೆ ತಳ್ಳುವುದು. “ಬಳೆ ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಕೈಗಿಂತ ಮುಖ ಬೇಗ ಹೇಳ್ತದೆ ಕಣವ್ವ” ಎನ್ನುತ್ತಿದ್ದರು. ಅವರ ಕೈಯಲ್ಲಿ ಬಳೆ ಒಡೆದದ್ದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಒಡೆಯಿತು ಎಂಬ ಮಾತನ್ನೇ ಆಡಬಾರದು, ಹೆಚ್ಚಿತು ಎನ್ನಬೇಕು ಎಂದು ಅಮ್ಮ ಗದರುತ್ತಿದ್ದ ಕಾಲ ಅದು.

ದಿನಕ್ಕೆ ಐವತ್ತು ಕೈ ಹಿಡಿಯುವವರಿಗೆ ಚರ್ಮದ ಪರಿಚಯ ಆಗದೆ ಇರುತ್ತದೆಯೇ? ಎದುರುಮನೆಯಾಕೆಗೆ ಆ ವರ್ಷ ಬೆರಳೆಲ್ಲ ಸೀಳು. ಉಷ್ಣ ಅಂತ ಮೆಂತ್ಯ ನೆನೆಸಿ ತಿಂದದ್ದೇ ತಿಂದದ್ದು. ಬಳೆಯಮ್ಮ ಕೈ ಮೂಸಿ ನೋಡಿ, “ಹೊಸಾ ಬಟ್ಟೆ ಪುಡಿ ತಂದಿದೀರಾ ಅಮ್ಮಾವ್ರೆ?” ಎಂದರು. ನೊರೆ ಚೆನ್ನಾಗಿ ಬರುತ್ತೆ ಅಂತ ಆಕೆ ಬಕೆಟ್ಟಿಗೆ ಹಿಡಿ ಹಿಡಿ ಸುರಿಯುತ್ತಿದ್ದರಂತೆ. “ಪುಡಿ ಬಿಟ್ಟು ಬಾರ್ ಸೋಪಲ್ಲಿ ಒಗೀರಿ. ಕೆಲಸ ಆದ್ಮೇಲೆ ಬೆರಳ ಸಂದಿ ಒರೆಸ್ಕೊಂಡು ಕೊಬ್ರಿ ಎಣ್ಣೆ ಹಚ್ಚಿ. ಮೆಂತ್ಯ ದೋಸೆಗಿರ್ಲಿ.” ತಿಂಗಳಲ್ಲಿ ಕೈ ಸರಿಹೋಯಿತು. ಮೆಂತ್ಯ ತಿಂದದ್ದಕ್ಕೇ ವಾಸಿಯಾಯಿತು ಎಂದು ಎದುರುಮನೆಯಾಕೆ ಊರೆಲ್ಲ ಹೇಳಿಕೊಂಡು ತಿರುಗಿದರು. ಬಳೆಯಮ್ಮ ನಕ್ಕು ಸುಮ್ಮನಾದರು.

ಒಂದು ಸಲ ನನಗೇ ಬಳೆ ಹಾಕಲ್ಲ ಅಂದರು. ನನ್ನ ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಗುಳ್ಳೆ. “ಮಲಗಿದಾಗ ಜಾಸ್ತಿ ಕೆರೀತದಾ?” ಅಂದರು. ಹೌದು ಅಂದೆ. “ಕಜ್ಜಿ. ನಿನ್ ಕೈ ಹಿಡಿದು ಇನ್ನೊಬ್ಬಳ ಕೈ ಹಿಡಿದ್ರೆ ಅವಳಿಗೂ ನಾನೇ ಕೊಟ್ಟಂಗೆ.” ಒಂದೇ ದಿನ ಮನೆಮಂದಿಯೆಲ್ಲ ಕುತ್ತಿಗೆಯಿಂದ ಪಾದದವರೆಗೆ ಔಷಧಿ ಹಚ್ಚಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಕುದಿಸಿ ಬಿಸಿಲಿಗೆ ಹಾಕಬೇಕು ಎಂದು ಅಮ್ಮನಿಗೆ ತಾಕೀತು. ದಾವಣಗೆರೆ ಕಡೆಯಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ ಮಾತ್ರ ಒಪ್ಪಲಿಲ್ಲ. “ನನಗೇನ್ ತುರಿಕಿ ಇಲ್ಲ, ನಾ ಯಾಕ ಹಚ್ಕೊಳ್ಳಿ? ಗಂಧಕ ನಾರತೈತಿ, ಪೂಜೆಗೆ ಕುಂದ್ರಬೇಕು ನಾನು.” ಎರಡು ವಾರಕ್ಕೆ ಅಜ್ಜಿಗೆ ತುರಿಕೆ ಶುರುವಾಯಿತು, ಅವರ ಪಕ್ಕ ಮಲಗುತ್ತಿದ್ದ ನನಗೆ ಮತ್ತೆ ಬಂತು. ಮನೆಮಂದಿಯೆಲ್ಲ ಇನ್ನೊಮ್ಮೆ ಹಚ್ಚಿಕೊಂಡೆವು. ಆ ಶುಕ್ರವಾರ ಬಳೆಯಮ್ಮ ಕಿಟಕಿಯಿಂದಲೇ ಕೂಗಿದರು: “ಅಜ್ಜೀ, ಶಿವಪ್ಪ ಮೂಗು ಮುಚ್ಕೊಂಡ್ನಾ?”

ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಕಡೆ ನನಗೆ ಹುಳುಕಡ್ಡಿ ಆದಾಗಲೂ ಬೈಸಿಕೊಂಡದ್ದು ಅವರಿಂದಲೇ. ನವೆ ನಿಂತ ಕೂಡಲೇ ಮುಲಾಮು ಬಿಟ್ಟಿದ್ದೆ. “ನವೆ ಹೋಯ್ತು, ಉಂಗುರ ಹೋಯ್ತಾ? ಉಂಗುರ ಹೋದ್ಮೇಲೂ ಎರಡು ವಾರ ಹಚ್ಚು. ಲಾಡಿ ಸಡಿಲ ಕಟ್ಟು, ಸೊಂಟ ಎಲ್ಲಿಗೂ ಓಡಿ ಹೋಗಲ್ಲ.”

ಹಿಂದಿನ ರಸ್ತೆಯಲ್ಲಿ ತೊನ್ನಿನ ಹುಡುಗಿಯೊಬ್ಬಳಿದ್ದಳು. ಎರಡೂ ಕೈಯ ಬೆರಳ ತುದಿ ಹಾಲಿನಷ್ಟು ಬಿಳುಪು. ಅವಳ ಕೈ ಮುಟ್ಟಿದ ಸೋಪು ತಮಗೆ ಬೇಡ ಎಂದು ಕೆಲವರು ಗೊಣಗುತ್ತಿದ್ದರು. ಬಳೆಯಮ್ಮ ಜಗಳ ಆಡಲಿಲ್ಲ. ಶುಕ್ರವಾರದ ಬೋಣಿ ಆ ಹುಡುಗಿಯಿಂದಲೇ ಎಂದು ಮಾಡಿಬಿಟ್ಟರು. ಬೇಕಾದವರು ಆ ಸೋಪಿನಲ್ಲೇ ಬಳೆ ತೊಡಬೇಕು, ಬೇಡದವರು ಪೇಟೆಗೆ ಹೋಗಬೇಕು. ಪೇಟೆಗೆ ಯಾರು ಹೋಗುತ್ತಾರೆ! ಆ ಹುಡುಗಿಯ ಬಿಳಿ ಬೆರಳನ್ನು ಎಲ್ಲರ ಎದುರು ಚಿವುಟಿ, “ನೋವಾಯ್ತಾ ಮಗಾ?” ಎಂದು ಕೇಳಿದ್ದು ನನಗೆ ನೆನಪಿದೆ. ಅವಳು “ಹೂಂ ಮತ್ತೆ!” ಅಂತ ಕೈ ಕಿತ್ತುಕೊಂಡಳು. “ಒಳ್ಳೇದು. ಬಣ್ಣ ಹೋಗಿದೆ ಅಷ್ಟೇ. ಇದು ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ.”

ಈ ಚಿವುಟುವುದು, ಕೇಳುವುದು ಅವರ ಅಭ್ಯಾಸ. ತಮಗೆ ಔಷಧಿ ಗೊತ್ತು ಎಂದು ಅವರು ಯಾವತ್ತೂ ಹೇಳಿಕೊಂಡವರಲ್ಲ. ಯಾವುದು ಮನೆಯಲ್ಲಿ ಕಾಯಬಹುದು, ಯಾವುದಕ್ಕೆ ಬಸ್ಸು ಹತ್ತಬೇಕು ಅನ್ನುವುದಷ್ಟೇ ಅವರ ಲೆಕ್ಕ. ದೊಡ್ಡಾಸ್ಪತ್ರೆಯಲ್ಲಿ ಚರ್ಮಕ್ಕೇ ಅಂತ ಬೇರೆ ಡಾಕ್ಟರು ಇರುತ್ತಾರೆ ಎಂಬುದು ನಮ್ಮ ಬೀದಿಗೆ ತಿಳಿದದ್ದು ಅವರ ಬಾಯಿಂದ. ಮೂಲೆಮನೆ ಯಜಮಾನರಿಗೆ ಹಣೆಯ ಮೇಲೆ ಸರ್ಪಸುತ್ತು ಎದ್ದು, ಅವರ ಹೆಂಡತಿ ಕೆಮ್ಮಣ್ಣು ಕಲಸುತ್ತ ಕೂತಿದ್ದಾಗ ಬಳೆಯಮ್ಮ ಗೇಟಿನಿಂದಲೇ, “ಕಣ್ಣಿನ ಪಕ್ಕ ಬಂದದೆ ಅಮ್ಮಾವ್ರೆ, ಆಸ್ಪತ್ರೆಗೆ ಹೋಗಿ ಬಂದ್ಮೇಲೆ ಕೆಮ್ಮಣ್ಣು ಹಚ್ಚುವಿರಂತೆ, ಮೊದ್ಲು ಆಟೋ ಕರೀರಿ” ಎಂದಿದ್ದರು. ಕಣ್ಣು ಉಳಿಯಿತು. ಗಾಯ ತಿಂಗಳಾದರೂ ಮಾಯದಿದ್ದರೆ, ಮಚ್ಚೆ ಇದ್ದಕ್ಕಿದ್ದ ಹಾಗೆ ಬೆಳೆಯತೊಡಗಿದರೆ ಆಗಲೂ ಅವರದು ಇದೇ ಮಾತು. ಉಳಿದದ್ದಕ್ಕೆ ಒಂದು ಸೂತ್ರ ಇಟ್ಟುಕೊಂಡಿದ್ದರು. “ನವೆ ಇದ್ರೆ ಎಂಟು ದಿನ ನೋಡು. ನವೆನೂ ಇಲ್ಲ, ನೋವೂ ಇಲ್ಲ ಅಂದ್ರೆ ಒಂದು ದಿನಾನೂ ನೋಡ್ಬೇಡ.”

ನಾವು ಇದನ್ನು ತಮಾಷೆ ಎಂದುಕೊಂಡಿದ್ದೆವು. ನೋವಿಲ್ಲದಿದ್ದರೆ ಡಾಕ್ಟರ ಹತ್ತಿರ ಯಾಕೆ ಹೋಗಬೇಕು?

ಈಗ ಅಕ್ಕನ ವಿಷಯ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಎಡ ಮುಂಗೈ ಮೇಲೆ, ಕಿರುಬೆರಳ ಕಡೆಗೆ, ಅರ್ಧ ಅಂಗೈಯಗಲದ ಒಂದು ಮಚ್ಚೆ ಎದ್ದಿತ್ತು. ತೊನ್ನಿನಷ್ಟು ಬಿಳುಪಲ್ಲ, ಮಾಸಲು. ನವೆ ಇಲ್ಲ, ಉರಿ ಇಲ್ಲ. ಅಮ್ಮ ಚಿಬ್ಬು ಎಂದುಕೊಂಡು ಒಂದು ತಿಂಗಳು ಮುಲಾಮು ಹಚ್ಚಿಸಿದಳು, ಹೋಗಲಿಲ್ಲ. ಆಮೇಲೆ ಅಜ್ಜಿ ಅದನ್ನು ವಹಿಸಿಕೊಂಡರು. ದಿನಾ ಬೆಳಿಗ್ಗೆ ಲಿಂಗಪೂಜೆ ಆದ ಮೇಲೆ ಅಕ್ಕನನ್ನು ಕರೆದು, ಆ ಮಚ್ಚೆಯ ಮೇಲೇ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. ನಮ್ಮಲ್ಲಿ ತೋಳಿಗೆ, ಮುಂಗೈಗೆ ವಿಭೂತಿ ಇಡುವುದು ಇದ್ದದ್ದೇ. ಅಕ್ಕ ಕಾಲೇಜಿಗೂ ಹಾಗೇ ಹೋಗುತ್ತಿದ್ದಳು. ನೋಡಿದವರು ಎಂಥ ಶಿವಭಕ್ತೆ ಎನ್ನುತ್ತಿದ್ದರು. ಒಂದು ವರ್ಷ ನಾವು ಯಾರೂ ಆ ವಿಭೂತಿಯ ಕೆಳಗೆ ಏನಾಗುತ್ತಿದೆ ಎಂದು ನೋಡಲಿಲ್ಲ.

ಇನ್ನೊಂದನ್ನೂ ನೋಡಲಿಲ್ಲ. ನಮ್ಮದು ಜೋಳದ ರೊಟ್ಟಿಯ ಮನೆ. ಅಕ್ಕ ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಎಡಗೈಯಿಂದಲೇ ತಿರುವುತ್ತಿದ್ದಳು. ಬಟ್ಟೆ ಇಲ್ಲ, ಸೌಟು ಇಲ್ಲ. ಅಂಚನ್ನು ಕಿರುಬೆರಳಿನ ಬದಿಯಿಂದ ಒತ್ತಿ ಒತ್ತಿ ಉಬ್ಬಿಸುತ್ತಿದ್ದಳು. ಹೆಣ್ಣು ನೋಡಲು ದಾವಣಗೆರೆ ಕಡೆಯಿಂದ ಬಂದವರಿಗೆ ಅಮ್ಮ ಅಡುಗೆಮನೆಗೇ ಕರೆದು ತೋರಿಸಿದಳು. “ಇದು ರೊಟ್ಟಿ ಕೈ ನೋಡ್ರೀ!” ಎಂದು ಗಂಡಿನ ತಾಯಿ ಅಲ್ಲೇ ಒಪ್ಪಿದರು. ಆಗಾಗ ಆ ಬೆರಳ ಬದಿಯಲ್ಲಿ ಬೊಬ್ಬೆ ಏಳುತ್ತಿತ್ತು. “ರೊಟ್ಟಿ ಬಡಿಯೋರಿಗೆ ಇದೆಲ್ಲ ಇರೋದೇ” ಎಂದು ಅಜ್ಜಿ.

ಮದುವೆ ಮಾಘಕ್ಕೆ ಎಂದು ನಿಶ್ಚಯವಾಯಿತು. ಮದುವೆಗೆ ಹತ್ತು ದಿನ ಮುಂಚೆ, ಒಂದು ಶುಕ್ರವಾರ, ಮದುಮಗಳಿಗೆ ಬಳೆ ತೊಡಿಸುವ ಶಾಸ್ತ್ರ. ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದ್ದರು. ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಬಳೆಯಮ್ಮ ಎದುರು ಕೂತು ಹಸಿರು ಬಳೆಯ ಕಟ್ಟು ಬಿಚ್ಚಿದರು. ಬಲಗೈ ಮೊದಲು. ಅಕ್ಕ “ಸ್ಸ್... ಮೆಲ್ಲಗೆ” ಅಂತ ಮುಖ ಹಿಂಡಿದಳು, ಎಲ್ಲರೂ ನಕ್ಕರು. ಆಮೇಲೆ ಎಡಗೈ.

ನಾನು ಅರಿಶಿನದ ತಟ್ಟೆ ಹಿಡಿದು ಪಕ್ಕದಲ್ಲೇ ಇದ್ದೆ. ಬಳೆಯಮ್ಮ ಎಂದಿನಂತೆ ಮುಖ ನೋಡುತ್ತ ಬಳೆ ಏರಿಸುತ್ತಿದ್ದರು. ಅಕ್ಕ ಎದುರುಮನೆಯಾಕೆಯ ಜೊತೆ ಸೀರೆಯ ಅಂಚಿನ ವಿಷಯ ಮಾತಾಡುತ್ತಿದ್ದಳು. ಹುಬ್ಬು ಗಂಟಾಗಲಿಲ್ಲ. ಅವಳ ಮುಖ ನಿಲ್ಲು ಎನ್ನಲಿಲ್ಲ, ಅದಕ್ಕೇ ಬಳೆಯಮ್ಮನ ಕೈ ನಿಲ್ಲಲಿಲ್ಲ. ಟಪ್ ಎಂದಿತು. ಬಳೆ ಎರಡು ತುಂಡಾಗಿ, ಒಂದು ತುದಿ ಕಿರುಬೆರಳಿನ ಬದಿಗೆ ನೆಟ್ಟಿತು. ರಕ್ತ ಸೀರೆಯ ಮೇಲೆ ತೊಟ್ಟಿಕ್ಕಿತು. ಅಕ್ಕ ಇನ್ನೂ ಅಂಚಿನ ವಿಷಯವೇ ಹೇಳುತ್ತಿದ್ದಳು.

“ಅಯ್ಯೋ, ರಕ್ತ ಕಣೇ!” ಎಂದು ಎದುರುಮನೆಯಾಕೆ ಕಿರುಚಿದ ಮೇಲೆ ಅವಳು ಕೆಳಗೆ ನೋಡಿದಳು.

“ಎಂಥಾ ಧೈರ್ಯ ಹುಡುಗೀಗೆ” ಎಂದರು ಯಾರೋ. ಇನ್ನು ಯಾರೋ ಮೆಲ್ಲನೆ, “ಧೈರ್ಯ ಇರ್ಲಿ, ಮದುಮಗಳ ಬಳೆ...” ಎಂದು ಮಾತು ನುಂಗಿದರು.

ಬಳೆಯಮ್ಮ ಗಾಜಿನ ಚೂರು ತೆಗೆದು, ಹತ್ತಿ ಒತ್ತಿ ಹಿಡಿದು, ಒದ್ದೆ ಬಟ್ಟೆಯಿಂದ ಮುಂಗೈಯ ವಿಭೂತಿಯನ್ನೂ ಒರೆಸಿಬಿಟ್ಟರು. “ಏ ಯವ್ವಾ, ಶಿವನ ಭಸ್ಮ ಒರಸ್ತೀಯಲ್ಲ!” ಎಂದು ಅಜ್ಜಿ ರೇಗಿದರು. ಬಳೆಯಮ್ಮ ಕೇಳಿಸಿಕೊಳ್ಳಲಿಲ್ಲ. ಹತ್ತಿಯ ಒಂದು ಎಳೆ ಕಿತ್ತು, “ಕಣ್ಣು ಮುಚ್ಚು ಮಗಾ, ಒಂದು ಆಟ. ಮುಟ್ಟಿದಾಗ ಹೇಳು” ಎಂದರು. ಬಲಗೈಗೆ ಸೋಕಿಸಿದರು. “ಹಾಂ” ಎಂದಳು ಅಕ್ಕ. ಎಡ ಮುಂಗೈಗೆ, ಮಚ್ಚೆಯ ಮೇಲೆ, ಒಂದು ಸಲ, ಎರಡು ಸಲ, ಮೂರು ಸಲ. ಅಕ್ಕ ಕಣ್ಣು ಮುಚ್ಚಿಕೊಂಡೇ, “ಮುಟ್ಟಿ ಮತ್ತೆ, ಯಾಕೆ ಸುಮ್ನಾದ್ರಿ?” ಎಂದು ನಕ್ಕಳು.

ಬಳೆಯಮ್ಮ ಮಿಕ್ಕ ಬಳೆಗಳನ್ನು ಒಂದೊಂದಾಗಿ ಮಲಾರಕ್ಕೆ ಪೋಣಿಸಿದರು. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ತಪ್ಪು ನಂದೇ ಕಣ್ರವ್ವಾ. ಈ ಸಲದ ಮಾಲು ಸರಿ ಇಲ್ಲ, ಕಚ್ಚಾ ಗಾಜು. ನೋಡಿ ತರ್ಬೇಕಾಗಿತ್ತು. ಎಡಗೈಗೆ ಇನ್ನೊಂದಿನ ಬೇರೆ ತಂದು ಹಾಕ್ತೀನಿ.”

ಅವರ ಮಾಲಿನಲ್ಲಿ ಏನೂ ದೋಷವಿರಲಿಲ್ಲ. ಬಲಗೈಗೆ ಅದೇ ಕಟ್ಟಿನಿಂದ ಹನ್ನೆರಡು ಬಳೆ ಏರಿದ್ದನ್ನು ನಾನು ನೋಡಿದ್ದೆ.

ಅಮ್ಮ ಅವರನ್ನು ಅಡುಗೆಮನೆಗೆ ಕರೆದಳು. “ಶುಭಕಾರ್ಯದಲ್ಲಿ ಏನಮ್ಮಾ ನಿನ್ನ ಆಟ? ಹತ್ತಿ ಅಂತೆ, ಕಣ್ಣು ಮುಚ್ಚೋದಂತೆ! ತೊನ್ನು ಅಂತ ಬೀದಿಗೆಲ್ಲ ಸಾರ್ಬೇಕು ಅಂತಿದ್ಯಾ?”

“ತೊನ್ನಾಗಿದ್ರೆ ನಾನು ಬಳೆ ಹಾಕಿ, ತಾಂಬೂಲ ಇಸ್ಕೊಂಡು ಎದ್ದು ಹೋಗ್ತಿದ್ದೆ ಅಮ್ಮಾವ್ರೆ. ಆ ಕೈಗೆ ಗೊತ್ತಾಗ್ತಿಲ್ಲ. ಬೆರಳಿಗೂ ಗೊತ್ತಾಗ್ತಿಲ್ಲ, ಮಚ್ಚೆಗೂ ಗೊತ್ತಾಗ್ತಿಲ್ಲ. ನಾಳೇನೇ ಚರ್ಮದ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ.”

“ಹತ್ತು ದಿನಕ್ಕೆ ಮದುವೆ. ಆಮೇಲೆ ನೋಡಿದ್ರಾಯ್ತು.”

“ಆಮೇಲೆ ಬೆರಳು ಮಡಚಿಕೊಂಡ್ರೆ ಬಿಚ್ಚೋಕಾಗಲ್ಲ.”

“ನೀನೇನು ಡಾಕ್ಟ್ರಾ? ನಿಂಗೆ ಹೆಂಗೆ ಗೊತ್ತು ಇದೆಲ್ಲ?”

ಬಳೆಯಮ್ಮ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. ನಾನು ಅಲ್ಲೇ ಇದ್ದುದನ್ನು ಇಬ್ಬರೂ ಲೆಕ್ಕಕ್ಕಿಡಲಿಲ್ಲ. ಊರಾಚೆ ದೊಡ್ಡ ರೋಗದವರ ಆಸ್ಪತ್ರೆಗೆ ವರ್ಷಕ್ಕೆ ಎರಡು ಸಲ, ಸಂಕ್ರಾಂತಿಗೆ ಮತ್ತು ಗೌರಿ ಹಬ್ಬಕ್ಕೆ, ಅವರು ಬಳೆ ಒಯ್ಯುತ್ತಿದ್ದರು. ಬೇರೆ ಯಾವ ಬಳೆಯವರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಮೊದಲ ವರ್ಷ ಒಬ್ಬಾಕೆಗೆ ಬಳೆ ಏರಿಸುವಾಗ ಹೀಗೇ ಗಾಜು ನೆಟ್ಟು, ಆಕೆಗೆ ತಿಳಿಯಲೇ ಇಲ್ಲವಂತೆ. ಅಲ್ಲಿನ ಡಾಕ್ಟರು ಹತ್ತಿಯ ಎಳೆಯಲ್ಲಿ ನೋಡುವುದನ್ನು ಕಲಿಸಿಕೊಟ್ಟದ್ದು ಆಗ.

“ಬಳೆ ಏರಿಸುವಾಗ ನೋವಾಯ್ತು ಅಂತ ಎಲ್ಲರೂ ಬೈಯ್ತಾರೆ ನಂಗೆ. ಅಲ್ಲಿ ನೋವಾಗ್ಲಿಲ್ಲವಲ್ಲ ಅಂತ ಅತ್ತೋರನ್ನ ನೋಡಿದೀನಿ ಅಮ್ಮಾವ್ರೆ. ಅವರೂ ಮದುವೆ ಆಗ್ಲಿ, ಬಾಣಂತನ ಆಗ್ಲಿ, ಆಮೇಲೆ ನೋಡಣ ಅಂತ ಕೂತೋರೇ.” ಆಮೇಲೆ, “ನಾನು ಅಲ್ಲಿಗೆ ಹೋಗೋದು ಈ ಬೀದೀಲಿ ಗೊತ್ತಾದ್ರೆ ನನ್ನ ಯಾರೂ ಮೆಟ್ಟಿಲು ಹತ್ತಿಸಲ್ಲ. ಅದೊಂದು ನಿಮ್ಮ ಹೊಟ್ಟೇಲಿರ್ಲಿ” ಎಂದು ಹೊರಟುಹೋದರು. ತಾಂಬೂಲ ತೆಗೆದುಕೊಳ್ಳಲಿಲ್ಲ.

ಅಮ್ಮ ಒಲೆಯ ಮುಂದೆ ನಿಂತೇ ಇದ್ದಳು. ಹಂಚಿನ ಕಡೆ ನೋಡಿ, “ರೊಟ್ಟಿ...” ಎಂದಳು. ಅಷ್ಟೇ.

ಅಪ್ಪ ಸೋಮವಾರ ರಜೆ ಹಾಕಿದರು. ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ಡಾಕ್ಟರು ಅದೇ ಹತ್ತಿಯ ಆಟ ಆಡಿದರು. ಬಿಸಿನೀರಿನದೊಂದು, ತಣ್ಣೀರಿನದೊಂದು ಗಾಜಿನ ನಳಿಕೆ ಮಚ್ಚೆಗೆ ತಾಗಿಸಿ ಯಾವುದು ಯಾವುದು ಎಂದು ಕೇಳಿದರು. ಅಕ್ಕ ಎರಡೂ ಒಂದೇ ಎಂದಳು. ಅವಳ ಮೊಣಕೈ ಮಡಚಿ ಒಳಬದಿಯ ನರವನ್ನು ಬೆರಳಲ್ಲಿ ಉರುಳಿಸಿ ನೋಡಿ, ಕಾಯಿಲೆಯ ಹೆಸರನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕುಷ್ಠ, ನಮ್ಮ ಬೀದಿಯ ಮಾತಿನಲ್ಲಿ ದೊಡ್ಡ ರೋಗ. ಅಪ್ಪ ಕುರ್ಚಿಯ ಕೈ ಹಿಡಿದುಕೊಂಡರು. “ಗಾಬರಿ ಬೇಡಿ. ಇದು ಮೊದಲ ಹಂತ, ವಾಸಿಯಾಗುತ್ತೆ. ಮಾತ್ರೆ ದಿನಾ ತಗೋಬೇಕು, ವರ್ಷಗಟ್ಟಲೆ, ಒಂದು ದಿನ ತಪ್ಪಿಸಬಾರದು. ತಟ್ಟೆ ಲೋಟ ಬೇರೆ ಮಾಡಬೇಡಿ, ಹಾಸಿಗೆ ಬೇರೆ ಮಾಡಬೇಡಿ. ಮನೆಯವರನ್ನೆಲ್ಲ ಒಂದು ಸಲ ಕರ್ಕೊಂಡು ಬನ್ನಿ, ನೋಡಿಬಿಡೋಣ. ಆ ಕೈಗೆ ಸದ್ಯಕ್ಕೆ ಬಿಸಿ ಹಂಚು ಬೇಡ, ಗಾಜಿನ ಬಳೆಯೂ ಬೇಡ.” ವಿಭೂತಿಯ ವಿಷಯ ಅಪ್ಪ ನಾಚಿಕೊಂಡು ಹೇಳಿದಾಗ ಡಾಕ್ಟರು ನಗಲಿಲ್ಲ. “ಹಚ್ಚಲಿ. ಮಾತ್ರೆ ನುಂಗಿಸಿ ಹಚ್ಚಲಿ.” ಯಾರು ಪತ್ತೆಹಚ್ಚಿದ್ದು ಎಂದು ಕೇಳಿದರು. ಬಳೆ ತೊಡಿಸುವವರು ಎಂದಾಗ ಪೆನ್ನು ಕೆಳಗಿಟ್ಟು, “ಇನ್ನೆರಡು ವರ್ಷ ಬಿಟ್ಟು ಬಂದಿದ್ರೆ ನಾನು ಬೇರೆ ಮಾತು ಹೇಳಬೇಕಾಗ್ತಿತ್ತು” ಎಂದರು.

ಮನೆಗೆ ಬಂದು ಅಪ್ಪ ಗಂಡಿನ ಕಡೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಪತ್ರ ಬರೆದರು. ವಿಷಯ ಯಾರ ಬಾಯಿಗೂ ಬೀಳದ ಹಾಗೆ ನೋಡಿಕೊಳ್ಳುತ್ತೇವೆ, ಆದರೆ ಸಂಬಂಧ ಬೇಡ ಎಂದು ಅವರ ಉತ್ತರ ಬಂತು. ಅವರು ಮಾತು ಉಳಿಸಿಕೊಂಡರು, ಅಷ್ಟು ಹೇಳಲೇಬೇಕು. ಅಕ್ಕ ಎರಡು ದಿನ ಅತ್ತಳು. ಮೂರನೆಯ ದಿನ ಎದ್ದು ತಲೆಗೆ ನೀರು ಹಾಕಿಕೊಂಡು, “ಮಾತ್ರೆ ಕೊಡು” ಎಂದಳು. ಆಮೇಲೆ ಅವಳು ಟೀಚರಾದಳು, ವಿಷಯ ತಿಳಿದೇ ಒಪ್ಪಿದವರೊಬ್ಬರನ್ನು ಮದುವೆಯಾದಳು, ಈಗ ಮೊಮ್ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಾಳೆ.

ಆದರೆ ಬೀದಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಬಳೆಯಮ್ಮ ಕೆಟ್ಟ ಮಾಲು ತಂದರು, ಮದುಮಗಳ ಕೈಯಲ್ಲಿ ಬಳೆ ಒಡೆಯಿತು, ಮದುವೆ ಮುರಿಯಿತು. ಇಷ್ಟೇ ಬೀದಿ ಕಂಡದ್ದು. ಮುಂದಿನ ಶುಕ್ರವಾರ ಎದುರುಮನೆಯಾಕೆ ಬಾಗಿಲು ತೆಗೆಯಲಿಲ್ಲ. ಅದರ ಮುಂದಿನ ವಾರ ಮೂಲೆಮನೆಯವರೂ ಬೇಡ ಎಂದರು. ಕೈಗುಣ ಹೋಯಿತು ಎಂದು ಮಾತು ಹಬ್ಬಿ, ಒಂದು ತಿಂಗಳಲ್ಲಿ ಅವರು ನಮ್ಮ ರಸ್ತೆಯನ್ನೇ ಬಿಟ್ಟರು. ಆಗ ಬಸವೇಶ್ವರನಗರದಲ್ಲಿ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಸ ಮನೆ ಏಳುತ್ತಿತ್ತು. ಅಷ್ಟು ದೂರ ನಡೆದು ಅಲ್ಲಿಗೆ ಹೋಗತೊಡಗಿದರು.

ಅಮ್ಮ ಒಂದು ಮಾತೂ ಆಡಲಿಲ್ಲ. ನಾನು ಕೇಳಿದೆ, “ಅವರ ತಪ್ಪಲ್ಲ ಅಂತ ಹೇಳಬಾರದಾಮ್ಮ?”

“ಹೇಳಿದ್ರೆ ಯಾರ ತಪ್ಪು ಅಂತ ಕೇಳ್ತಾರೆ. ಏನು ಹೇಳಲಿ?”

ಮೊದಲ ಗೌರಿ ಹಬ್ಬಕ್ಕೆ ನಾವು ಪೇಟೆಯಿಂದ ಬಳೆ ತಂದೆವು. ಅಕ್ಕನ ಎಡಗೈ ಬರಿದು. ಕೇಳಿದವರಿಗೆ, ಬಳೆ ಒಡೆದ ಕೈ, ದೋಷ ಕಳೆಯಲಿ ಅಂತ ಬಿಟ್ಟಿದ್ದೇವೆ ಎಂದು ಅಮ್ಮ ಹೇಳಿದಳು. ನನಗೆ ಅಮ್ಮನ ಮೇಲೆ ಸಿಟ್ಟು ಬಂದದ್ದು ಅವತ್ತೇ. ತನ್ನ ಮಗಳನ್ನು ಕಾಯುವುದಕ್ಕೆ ಅವಳು ಇನ್ನೊಂದು ಕಲ್ಲನ್ನು ಬಳೆಯಮ್ಮನ ಮೇಲೇ ಹೇರಿದ್ದಳು.

ಒಂದು ದಿನ ವಿಜಯನಗರದ ಬಸ್ ಸ್ಟಾಪಿನಲ್ಲಿ ಅವರು ಸಿಕ್ಕರು. ಎಂದಿನಂತೆ ಮೊದಲು ನನ್ನ ಕೈ ನೋಡಿದರು. “ಅಕ್ಕ ಮಾತ್ರೆ ತಪ್ಪಿಸ್ತಿಲ್ಲ ತಾನೇ? ಕಿರುಬೆರಳು ನೆಟ್ಟಗಿದೆಯಾ? ಎಣ್ಣೆ ಹಚ್ಚಿ ನೀವ್ತಾಳಾ?” ಎಂದು ಕೇಳಿದರು. ನಾನು ಅಳುವ ಹಾಗಾಗಿ, ಅಮ್ಮನ ಪರವಾಗಿ ಏನೋ ತೊದಲಿದೆ. ಅವರು ನನ್ನ ಕೆನ್ನೆ ತಟ್ಟಿ, “ನಿಮ್ಮಮ್ಮಂಗೆ ಹೇಳು, ನಂಗೆ ಬೇರೆ ಬೀದಿ ಅವೆ. ನಿಮ್ಮಕ್ಕಂಗೆ ಬೇರೆ ಕೈ ಇಲ್ಲ” ಎಂದು ಬಸ್ಸು ಹತ್ತಿದರು.

ನಾನು ಆ ಮಾತನ್ನು ಮನೆಯಲ್ಲಿ ಹಾಗೇ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅಕ್ಕ ಕೇಳಿಸಿಕೊಂಡಳು.

ಎರಡನೆಯ ವರ್ಷ ಶ್ರಾವಣದಲ್ಲಿ ಡಾಕ್ಟರು ಹತ್ತಿಯ ಎಳೆ ಸೋಕಿಸಿದಾಗ ಅಕ್ಕ ಹತ್ತಕ್ಕೆ ಏಳು ಸಲ ಹಾಂ ಎಂದಳು. ಕಿರುಬೆರಳ ತುದಿ ಇನ್ನೂ ಸರಿಯಾಗಿ ತಿಳಿಯುತ್ತಿರಲಿಲ್ಲ, ಅದು ಇವತ್ತಿಗೂ ಪೂರ್ತಿ ಬಂದಿಲ್ಲ. ಬೆರಳು ನೆಟ್ಟಗಿತ್ತು. ಮಾತ್ರೆ ಇನ್ನೂ ಬಹಳ ದಿನ ಬೇಕು ಎಂದರು. ಅಕ್ಕ ಒಂದೇ ಪ್ರಶ್ನೆ ಕೇಳಿದಳು: “ಗಾಜಿನ ಬಳೆ ಹಾಕ್ಕೋಬಹುದಾ ಸಾರ್?”

“ಹಾಕ್ಕೊಳ್ಳಿ.”

ಬಸ್ಸಿನಲ್ಲಿ ಬರುವಾಗ ಅವಳು ಅಮ್ಮನಿಗೆ ಹೇಳಿದಳು, “ಅವರೇ ಹಾಕಬೇಕು. ನಮ್ಮ ಮೆಟ್ಟಿಲ ಮೇಲೇ. ಎಲ್ಲರನ್ನೂ ಕರಿ. ನೀನು ಏನೂ ಹೇಳಬೇಡ, ನಾನು ಹೇಳ್ತೀನಿ.” ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದವಳು, ರಾಜಾಜಿನಗರ ಬಂದರೂ ಇಳಿಯಲಿಲ್ಲ. “ನೀವು ಮನೆಗೆ ಹೋಗಿ” ಎಂದು ನಮ್ಮನ್ನು ಇಳಿಸಿ, ಮುಂದೆ ಬೇರೆ ಬಸ್ಸು ಹಿಡಿದು ಬಿನ್ನಿಪೇಟೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ಅವಳು ಯಾವತ್ತೂ ಹೇಳಲಿಲ್ಲ.

ಗೌರಿ ಹಬ್ಬದ ಹಿಂದಿನ ಶುಕ್ರವಾರ, ಹತ್ತೂವರೆಗೆ ಸರಿಯಾಗಿ, ಮಲಾರ ಹೊತ್ತು ಅವರು ಬಂದರು. ಹೆಂಗಸರು ಅರಿಶಿನ ಕುಂಕುಮಕ್ಕೆಂದು ಸೇರಿದ್ದವರು ಅವರನ್ನು ಕಂಡು ಮುಖ ಮುಖ ನೋಡಿಕೊಂಡರು. ಅಕ್ಕ ಮೆಟ್ಟಿಲ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಪಾಠ ಹೇಳುವ ಧ್ವನಿಯಲ್ಲಿ ಹೇಳಿದಳು.

“ಅವತ್ತು ಬಳೆ ಒಡೆದದ್ದು ಇವರ ತಪ್ಪಲ್ಲ. ನನ್ನ ಕೈಗೆ ನೋವು ಗೊತ್ತಾಗ್ತಿರಲಿಲ್ಲ. ನಂಗೆ ದೊಡ್ಡ ರೋಗ ಶುರುವಾಗಿತ್ತು. ಇವರು ಕಂಡುಹಿಡಿದು, ಎಲ್ಲರ ಮುಂದೆ ನನ್ನ ಮರ್ಯಾದೆ ಹೋಗಬಾರದು ಅಂತ ತಮ್ಮ ಮಾಲೇ ಕೆಟ್ಟದ್ದು ಅಂದ್ರು. ನಾನು ಔಷಧಿ ತಗೋತಾ ಇದೀನಿ. ಯಾರಿಗೂ ಅಂಟಲ್ಲ. ಬೇಕಿದ್ರೆ ಡಾಕ್ಟ್ರನ್ನೇ ಕೇಳಿ.”

ಬಳೆಯಮ್ಮ ಬಳೆ ಒಯ್ಯುತ್ತಿದ್ದ ಊರಾಚೆಯ ಆಸ್ಪತ್ರೆಯ ವಿಷಯ ಮಾತ್ರ ಅವಳು ಎತ್ತಲಿಲ್ಲ.

ಎದುರುಮನೆಯಾಕೆ ಮೆಲ್ಲನೆ ಎದ್ದು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ರಸ್ತೆ ದಾಟಿದರು. ಇನ್ನಿಬ್ಬರು ಅವರ ಹಿಂದೆ. ಉಳಿದವರು ಉಳಿಯಬೇಕೋ ಹೋಗಬೇಕೋ ತಿಳಿಯದೆ ನಿಂತಿದ್ದಾಗ, ಹಿಂದಿನ ರಸ್ತೆಯ ತೊನ್ನಿನ ಹುಡುಗಿ ಎಲ್ಲರನ್ನೂ ಸರಿಸಿಕೊಂಡು ಬಂದು ಅಕ್ಕನ ಪಕ್ಕದಲ್ಲಿ ಕೂತಳು. “ಬೋಣಿ ನಂದು ತಾನೇ ಬಳೆಯಮ್ಮ? ಒಂದೂವರೆ ವರ್ಷ ಮೋಸ ಮಾಡಿದೀರಿ. ಇರ್ಲಿ, ಇವತ್ತು ಅಕ್ಕಂಗೆ ಬಿಟ್ಟುಕೊಡ್ತೀನಿ.” ಅಮ್ಮ ಬಂದು ಆ ಹುಡುಗಿಯ ಪಕ್ಕ ಕೂತಳು. ಬೀದಿಗೆ ಕಾಣುವ ಹಾಗೆ, ಎರಡೂ ಕೈಯ ಹಳೆ ಬಳೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕಾದಳು.

ಬಳೆಯಮ್ಮ ಒಂದು ಮೆಟ್ಟಿಲು ಕೆಳಗೆ ಕೂತರು. ಒದ್ದೆ ಬಟ್ಟೆಯಿಂದ ಅಕ್ಕನ ಎಡಗೈ ಒರೆಸಿದರು. ಗೆಣ್ಣುಗಳಿಗೆ ಸೋಪು ಸವರಿ, ಹೆಬ್ಬೆರಳು ಮಡಚಿ, ಐದೂ ಬೆರಳು ಸೇರಿಸಿದರು. ಹಸಿರು ಬಳೆಯೊಂದನ್ನು ಗೆಣ್ಣಿನವರೆಗೆ ತಂದು, ಕಣ್ಣೆತ್ತಿ ಅಕ್ಕನ ಮುಖ ನೋಡುತ್ತ, ಹಿಸುಕಿದರು.

“ಆ! ನೋಯತ್ತೆ, ಮೆಲ್ಲಗೆ ಬಳೆಯಮ್ಮ!”

ಅವರ ಕೈ ಅಲ್ಲೇ ನಿಂತಿತು. ಬಳೆಯನ್ನು ಮುಂದೂ ತಳ್ಳಲಿಲ್ಲ, ಹಿಂದೂ ಎಳೆಯಲಿಲ್ಲ. ಅಕ್ಕನ ಹುಬ್ಬಿನ ಗಂಟನ್ನೇ ನೋಡುತ್ತ ಕೂತಿದ್ದರು.

“ಇನ್ನೊಂದ್ಸಲ ಅನ್ನು ಮಗಾ” ಎಂದರು.